ಮರಳಿ ಕಾಡಿಗೆ ಬಿಡುವ ಮುನ್ನ: ಪೂರ್ವಜರ ಲೆಕ್ಕ ಇಡುವ ಬಗೆ

ಪೆಸಿಫಿಕ್ ಸಾಗರದ ಗಾಲಪಗೋಸ್‌ನ ಎಸ್ಪನ್ಯೋಲಾ ದ್ವೀಪದಲ್ಲಿ 1960ರ ದಶಕದ ಹೊತ್ತಿಗೆ ದೈತ್ಯ ಆಮೆಗಳು ತೀರ ವಿರಳವಾಗಿದ್ದವು. ಒಂದು ಇನ್ನೊಂದನ್ನು ಹುಡುಕಿಕೊಂಡು ಕೂಡುವುದೇ ಕಷ್ಟವಾಗಿತ್ತು. ಉಳಿದಿದ್ದ ಹನ್ನೆರಡು ಹೆಣ್ಣು, ಎರಡು ಗಂಡುಗಳನ್ನು ತಂದು ಸಾಕಣೆ ಕೇಂದ್ರದಲ್ಲಿ ಮರಿ ಮಾಡಿಸಿದರು. ಡಿಯೇಗೋ ಎಂಬ ಮೂರನೆಯ ಗಂಡು ಸ್ಯಾನ್ ಡಿಯೇಗೋ ಮೃಗಾಲಯದಿಂದ ಮರಳಿ ಬಂತು. 2020ರಲ್ಲಿ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಆ ದ್ವೀಪದಲ್ಲಿ ಸುಮಾರು 2000 ಆಮೆಗಳಿದ್ದವು. ಪಿತೃತ್ವ ಪರೀಕ್ಷೆ ಮಾಡಿದಾಗ ಮರಿಗಳಲ್ಲಿ ಶೇ 40ರಷ್ಟಕ್ಕೆ ಡಿಯೇಗೋ ತಂದೆ, ಉಳಿದವುಗಳಲ್ಲಿ ಬಹುಪಾಲಿಗೆ ಇನ್ನೊಂದು ಗಂಡು ತಂದೆ ಎಂದು ತಿಳಿಯಿತು. ಮೂರನೆಯದರ ಪಾಲು ಅತ್ಯಲ್ಪ.

ಆಮೆಗಳು ಬದುಕಿದವು, ಅದಕ್ಕೆ ನನಗೆ ಮನಸಾರೆ ಸಂತೋಷವಿದೆ. ಆದರೆ ಅಲ್ಲಿ 2000 ತಲೆಗಳಿದ್ದರೂ ತಂದೆಯರು ಹೆಚ್ಚುಕಡಿಮೆ ಇಬ್ಬರೇ. ಜೀವಿಸಮೂಹಗಳ ತಳಿವಿಜ್ಞಾನದಲ್ಲಿ ಕೆಲಸ ಮಾಡುವ ನನ್ನನ್ನು, ಅಳಿದುಹೋದ ಪ್ರಾಣಿಗಳನ್ನು ಮರಳಿ ನೆಲೆಗೊಳಿಸುವ ಯೋಜನೆಗಳ ಸಭೆಗಳಲ್ಲಿ ಮೊದಲು ಕೇಳುವುದು ‘ಎಷ್ಟು ಪ್ರಾಣಿ ಬಿಡಬೇಕು?’ ಎಂದು. ನಾನು ಮರಳಿ ಕೇಳುವುದು ‘ಅವುಗಳ ಮರಿಗಳಿಗೆ ಎಷ್ಟು ಅಜ್ಜ ಅಜ್ಜಿಯರು ಇರುತ್ತಾರೆ?’ ಎಂದು. ಮುಂದೆ ಬರೆದಿರುವುದೆಲ್ಲ ಈ ಎರಡನೆಯ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವ ದಾರಿ.

ಶುರು ಮಾಡುವ ಮೊದಲು ಒಂದು ಮಾತು. ಪ್ರಭೇದವನ್ನು ಅದರ ಹಳೆಯ ನೆಲೆಯಿಂದ ಅಳಿಸಿದ ಕಾರಣ, ಅದು ಬೇಟೆಯಿರಲಿ, ವಿಷವಿರಲಿ, ಹೊರಗಿನಿಂದ ಬಂದ ಇಲಿಯಿರಲಿ, ಇನ್ನೂ ಅಲ್ಲೇ ಇದ್ದರೆ ಯಾವ ಡಿಎನ್‌ಎ ವರದಿಯೂ ನೆರವಿಗೆ ಬರುವುದಿಲ್ಲ. ಮೊದಲು ಆ ಕಾರಣವನ್ನು ನಿವಾರಿಸಿ, ಆಮೇಲೆ ಪ್ರಯೋಗಾಲಯಕ್ಕೆ ಬನ್ನಿ.

ಅವು ಯಾರೆಂದು ತಿಳಿಯಿರಿ

ಅಮೆರಿಕದ ಕೊಲೊರಾಡೋದಲ್ಲಿ ಗ್ರೀನ್‌ಬ್ಯಾಕ್ ಕಟ್‌ಥ್ರೋಟ್ ಎಂಬ ಟ್ರೌಟ್ ಮೀನನ್ನು ಉಳಿಸಲು ದಶಕಗಳ ಕಾಲ ಮರಿಗಳನ್ನು ಬೆಳೆಸಿ ತೊರೆಗಳಿಗೆ ಬಿಟ್ಟರು. ಹತ್ತೊಂಬತ್ತನೆಯ ಶತಮಾನದಲ್ಲಿ ಹಿಡಿದು ವಸ್ತುಸಂಗ್ರಹಾಲಯಗಳಲ್ಲಿ ಇಟ್ಟಿದ್ದ ಮೀನುಗಳ ಡಿಎನ್‌ಎಯೊಂದಿಗೆ ಈಗಿನ ಮೀನುಗಳನ್ನು ಹೋಲಿಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ನಿಜವಾದ ಗ್ರೀನ್‌ಬ್ಯಾಕ್ ಉಳಿದಿದ್ದದ್ದು ಬೇರ್ ಕ್ರೀಕ್ ಎಂಬ ಒಂದೇ ಒಂದು ತೊರೆಯಲ್ಲಿ. ಅಷ್ಟು ವರ್ಷ ಕಾಳಜಿಯಿಂದ ಸಾಕಿ ಬಿಟ್ಟವುಗಳಲ್ಲಿ ಅನೇಕವು ಬೇರೆ ವಂಶದವು.

ಆದ್ದರಿಂದ ನಿಮ್ಮ ಪ್ರದೇಶದಲ್ಲಿ ಹಿಂದೆ ಇದ್ದ ಜೀವಿಯ ಚರ್ಮ, ಮೂಳೆ, ಗರಿ, ಒಣಗಿಸಿಟ್ಟ ಸಸ್ಯಗಳ ಮಾದರಿ ಯಾವ ಸಂಗ್ರಹದಲ್ಲಿ ಇದೆ ಎಂದು ಹುಡುಕುವುದೇ ಮೊದಲ ಕೆಲಸವಾಗಲಿ. ಕಾಲ್ಬೆರಳಿನ ಒಣಚರ್ಮದ ಚಿಕ್ಕ ಚೂರೂ ಸಾಕಾಗುತ್ತದೆ. ಸಂಗ್ರಹಪಾಲಕರನ್ನು ಯೋಜನೆಯ ಆರಂಭದಲ್ಲೇ ಭೇಟಿಯಾಗಿ, ಏಕೆಂದರೆ ಅನುಮತಿ ನಿಧಾನವಾಗಿ ಬರುತ್ತದೆ. ಹೋಲಿಕೆಗೆ ಮೈಟೊಕಾಂಡ್ರಿಯದ ಡಿಎನ್‌ಎ ಒಂದನ್ನೇ ನೆಚ್ಚಬೇಡಿ. ಅದು ತಾಯಿಯ ಕಡೆಯ ವಂಶವನ್ನು ಮಾತ್ರ ಹೇಳುತ್ತದೆ. ಬೇರೆ ಪ್ರಭೇದದ ಗಂಡು ನಡುವೆ ಬಂದು ಹೋಗಿದ್ದರೆ ಅದರ ಸುಳಿವೂ ಅಲ್ಲಿ ಸಿಗದು. ಕೋಶಕೇಂದ್ರದ ಡಿಎನ್‌ಎಯಲ್ಲಿ ಸಾವಿರಾರು ಗುರುತುಗಳನ್ನು ಓದಿಸಿ.

ಮಾದರಿ ಸಂಗ್ರಹ: ಕೆಲಸ ಕೆಡುವುದು ಇಲ್ಲೇ

ಒಳ್ಳೆಯ ಯಂತ್ರಗಳಿದ್ದೂ ಕೆಟ್ಟ ಫಲಿತಾಂಶ ಬಂದರೆ ನಾನು ಮೊದಲು ನೋಡುವುದು ಕ್ಷೇತ್ರದ ನೋಟ್‌ಬುಕ್ಕನ್ನು. ಸೀಸೆಯ ಮೇಲೆ ಶಾಯಿಯಲ್ಲಿ ಬರೆದ ಸಂಖ್ಯೆಯನ್ನು ಆಲ್ಕೊಹಾಲ್ ಅಳಿಸುತ್ತದೆ. ಪೆನ್ಸಿಲ್‌ನಲ್ಲಿ ಬರೆದ ಕಾಗದದ ಚೀಟಿಯನ್ನು ಸೀಸೆಯ ಒಳಗೇ ಹಾಕಿ, ಹೊರಗೂ ಗುರುತು ಮಾಡಿ. ಕಿವಿಯ ಅಥವಾ ಈಜುರೆಕ್ಕೆಯ ತುಣುಕನ್ನು ಶೇ 95ರ ಎಥನಾಲ್‌ನಲ್ಲಿ ಇಡಿ. ತುಣುಕು ಬೇಳೆಯ ಗಾತ್ರಕ್ಕಿಂತ ದೊಡ್ಡದಾಗಿದ್ದರೆ ಒಳಭಾಗಕ್ಕೆ ದ್ರವ ಇಳಿಯುವ ಮೊದಲೇ ಕೊಳೆಯಲು ಆರಂಭವಾಗುತ್ತದೆ. ಹಕ್ಕಿಗಳಲ್ಲಿ ಕೆಂಪು ರಕ್ತಕಣಗಳಿಗೂ ಕೋಶಕೇಂದ್ರ ಇರುವುದರಿಂದ ಒಂದು ಹನಿ ರಕ್ತ ಧಾರಾಳವಾಯಿತು. ಸಸ್ತನಿಗಳಲ್ಲಿ ಬಿಳಿಯ ಕಣಗಳಿಂದ ಮಾತ್ರ ಡಿಎನ್‌ಎ ಸಿಗುವುದರಿಂದ ಹೆಚ್ಚು ಬೇಕು. ಉದುರಿದ ಗರಿ ಸಿಕ್ಕಿದರೆ ತುದಿಯನ್ನಷ್ಟೇ ಕತ್ತರಿಸಿ ಸುಮ್ಮನಾಗಬೇಡಿ. ಗರಿಯ ದಂಟು ಟೊಳ್ಳಿನಿಂದ ಎಳೆಗಳ ಕಡೆಗೆ ತಿರುಗುವ ಜಾಗದಲ್ಲಿ ಹೆಪ್ಪುಗಟ್ಟಿದ ರಕ್ತದ ಚುಕ್ಕೆ ಇರುತ್ತದೆ, ಒಳ್ಳೆಯ ಡಿಎನ್‌ಎ ಅಲ್ಲಿದೆ.

ಲದ್ದಿ ಮತ್ತು ಹಿಕ್ಕೆಯ ಮಾದರಿಗಳನ್ನು ಬೆಳಗಿನ ಹೊತ್ತು, ಹೊಸದಾಗಿರುವಾಗ ತೆಗೆಯಿರಿ. ಕರುಳಿನ ಒಳಪದರದ ಕೋಶಗಳು ಅಂಟಿಕೊಂಡಿರುವುದು ಹೊರಮೈಯಲ್ಲಿ, ಆದ್ದರಿಂದ ಅಲ್ಲಿಂದಲೇ ಒರೆಸಿ ತೆಗೆಯಬೇಕು. ಇಂಥ ಮಾದರಿಗಳಲ್ಲಿ ಜೀನ್‌ನ ಎರಡು ಪ್ರತಿಗಳ ಪೈಕಿ ಒಂದು ಓದಿಗೆ ಸಿಗದೆ ತಪ್ಪಿಹೋಗುವುದು ಸಾಮಾನ್ಯ. ಹಾಗಾದಾಗ ವೈವಿಧ್ಯ ಇರುವ ಪ್ರಾಣಿಯೂ ಇಲ್ಲದಂತೆ ಕಾಣುತ್ತದೆ, ಒಂದೇ ಪ್ರಾಣಿ ಎರಡಾಗಿ ಎಣಿಕೆಗೆ ಬರುತ್ತದೆ. ಪ್ರತಿ ಮಾದರಿಯನ್ನೂ ಪ್ರಯೋಗಾಲಯ ಹಲವು ಬಾರಿ ಓದಬೇಕೆಂದು ಕರಾರಿನಲ್ಲೇ ಬರೆಯಿಸಿ.

ಪ್ರಾಣಿಗಳನ್ನು ತರಬೇಕೆಂದಿರುವ ಮೂಲ ನೆಲೆಯೊಂದರ ವೈವಿಧ್ಯವನ್ನು ಅಳೆಯಲು 25ರಿಂದ 30 ಪ್ರಾಣಿಗಳ ಮಾದರಿ ವಾಡಿಕೆಯ ಪ್ರಮಾಣ. ಅವು ಒಂದೇ ಹಿಂಡಿನವಾಗಿರಬಾರದು. ಬಿಡುಗಡೆಗೆ ಆರಿಸಿದ ಪ್ರಾಣಿಗಳ ವಿಷಯದಲ್ಲಂತೂ ವಿನಾಯಿತಿಯೇ ಇಲ್ಲ: ಪ್ರತಿಯೊಂದರ ಮಾದರಿಯನ್ನೂ ಬೋನಿನ ಬಾಗಿಲು ತೆರೆಯುವ ಮೊದಲು ತೆಗೆದು, ಎರಡು ಪಾಲು ಮಾಡಿ, ಎರಡು ಬೇರೆ ಕಟ್ಟಡಗಳ ಶೀತಕಗಳಲ್ಲಿ ಇಡಿ. ನಾನು ನೋಡಿದ ಒಂದು ಯೋಜನೆಯಲ್ಲಿ ಕೊರಳಪಟ್ಟಿ, ಕ್ಯಾಮೆರಾ, ವಾಹನಗಳಿಗೆಲ್ಲ ಹಣವಿತ್ತು, ಮೊದಲು ಬಿಟ್ಟ ಪ್ರಾಣಿಗಳ ಒಂದು ಹನಿ ರಕ್ತ ಮಾತ್ರ ಎಲ್ಲೂ ಇರಲಿಲ್ಲ. ಹತ್ತು ವರ್ಷಗಳ ನಂತರ ಅಲ್ಲಿ ಹುಟ್ಟಿದ ಮರಿಗಳ ಡಿಎನ್‌ಎ ಕೈಯಲ್ಲಿದ್ದರೂ, ಅದನ್ನು ಹೋಲಿಸಿ ನೋಡಲು ಏನೂ ಉಳಿದಿರಲಿಲ್ಲ.

ಶೀತಕದಲ್ಲಿ ಇಟ್ಟ ಮಾದರಿ ಎಷ್ಟು ದೂರ ಸಾಗಬಲ್ಲದು ಎಂಬುದಕ್ಕೆ ಕಪ್ಪುಪಾದದ ಫೆರೆಟ್ ಎಂಬ ಚಿಕ್ಕ ಮಾಂಸಾಹಾರಿ ಪ್ರಾಣಿ ಸಾಕ್ಷಿ. 1980ರ ದಶಕದಲ್ಲಿ ಅಮೆರಿಕದ ವಯೋಮಿಂಗ್‌ನಲ್ಲಿ ಉಳಿದಿದ್ದ ಕೊನೆಯ 18ನ್ನು ಹಿಡಿದು ಸಾಕಿದರು. ಈಗಿನ ಫೆರೆಟ್‌ಗಳೆಲ್ಲ ಅವುಗಳಲ್ಲಿ ಏಳರ ಸಂತತಿ. ವಿಲ್ಲಾ ಎಂಬ ಹೆಣ್ಣಿನ ವಂಶ ಅದರಲ್ಲಿ ಸೇರಿರಲಿಲ್ಲ. ಆದರೆ 1988ರಲ್ಲಿ ಅದರ ಕೋಶಗಳನ್ನು ಯಾರೋ ಮುಂದಾಲೋಚನೆಯಿಂದ ಹೆಪ್ಪುಗಟ್ಟಿಸಿ ಇಟ್ಟಿದ್ದರು. 2020ರ ಡಿಸೆಂಬರ್‌ನಲ್ಲಿ ಆ ಕೋಶದಿಂದ ಎಲಿಜಬೆತ್ ಆ್ಯನ್ ಎಂಬ ತದ್ರೂಪಿ ಹುಟ್ಟಿತು. 2024ರಲ್ಲಿ ಇನ್ನೊಂದು ತದ್ರೂಪಿ ಆ್ಯಂಟೋನಿಯಾ ಮರಿ ಹಾಕಿತು. ಮೂವತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ಎಂಟನೆಯ ಪೂರ್ವಜೆ ಸಿಕ್ಕಿದಳು. ತದ್ರೂಪಿ ಸೃಷ್ಟಿ ನಿಮ್ಮ ಯೋಜನೆಗೆ ಬೇಕಾಗಲಾರದು, ಮಾದರಿ ಇಡುವುದು ಬೇಕೇ ಬೇಕು.

ಎಲ್ಲಿಂದ ತರುವುದು

ಹೆಚ್ಚಿನ ವಾದ ನಡೆಯುವುದು ಇದರ ಮೇಲೆ. ಒಂದು ಬಣ ‘ಹತ್ತಿರದ್ದನ್ನೇ ತನ್ನಿ, ಸ್ಥಳೀಯತೆ ಕೆಡಿಸಬೇಡಿ’ ಎನ್ನುತ್ತದೆ. ಇನ್ನೊಂದು ‘ಬೆರೆಸಿ, ವೈವಿಧ್ಯ ಹೆಚ್ಚಲಿ’ ಎನ್ನುತ್ತದೆ. ಎರಡಕ್ಕೂ ಒಂದೊಂದು ದೃಷ್ಟಾಂತ ಇದೆ.

ಆಗಿನ ಜೆಕೊಸ್ಲೊವಾಕಿಯಾದ ಟಾಟ್ರಾ ಪರ್ವತಗಳಲ್ಲಿ ಆಲ್ಪೈನ್ ಐಬೆಕ್ಸ್ ಕಾಡುಮೇಕೆಗಳನ್ನು ಆಸ್ಟ್ರಿಯಾದಿಂದ ತಂದು ನೆಲೆಗೊಳಿಸಿದ್ದರು, ಅವು ಚೆನ್ನಾಗಿಯೇ ಇದ್ದವು. ಆಮೇಲೆ ಬೆಚ್ಚಗಿನ ನಾಡುಗಳ ಬೆಜೋವರ್ ಮೇಕೆಗಳನ್ನೂ ನ್ಯೂಬಿಯನ್ ಐಬೆಕ್ಸ್‌ಗಳನ್ನೂ ತಂದು ಸೇರಿಸಿದರು. ಬೆರಕೆ ಸಂತತಿ ಚಳಿಗಾಲದ ಬದಲು ಶರತ್ಕಾಲದ ಆರಂಭದಲ್ಲೇ ಬೆದೆಗೆ ಬಂತು. ಮರಿಗಳು ಫೆಬ್ರವರಿಯ ಕೊರೆಯುವ ಚಳಿಯಲ್ಲಿ ಹುಟ್ಟಿ ಸತ್ತವು. ಇಡೀ ಸಮೂಹವೇ ಅಳಿಯಿತು.

ಇತ್ತ ಅಮೆರಿಕದ ಫ್ಲಾರಿಡಾದ ಪ್ಯಾಂಥರ್ (ಪ್ಯೂಮಾ ಎಂಬ ದೊಡ್ಡ ಬೆಕ್ಕಿನದೇ ಒಂದು ಸಮೂಹ) 1990ರ ದಶಕದ ಆರಂಭದಲ್ಲಿ ಇಪ್ಪತ್ತು ಮೂವತ್ತಕ್ಕೆ ಇಳಿದಿತ್ತು. ಬಾಲ ಸೊಟ್ಟ, ಹೃದಯದಲ್ಲಿ ದೋಷ, ಗಂಡುಗಳಲ್ಲಿ ವೃಷಣ ಕೆಳಗಿಳಿಯದ ಸ್ಥಿತಿ: ಎಲ್ಲವೂ ರಕ್ತಸಂಬಂಧಿಗಳ ನಡುವೆಯೇ ತಲೆಮಾರುಗಟ್ಟಲೆ ಕೂಡಿಕೆ ನಡೆದದ್ದರ ಫಲ. 1995ರಲ್ಲಿ ಟೆಕ್ಸಾಸ್‌ನಿಂದ ಎಂಟು ಹೆಣ್ಣು ಪ್ಯೂಮಾಗಳನ್ನು ತಂದು ಬಿಟ್ಟರು. ಆ ಎಂಟರಲ್ಲಿ ಐದು ಹೆಣ್ಣುಗಳು ಮರಿ ಹಾಕಿದವು. ಬದುಕಿದ್ದ ಟೆಕ್ಸಾಸ್ ಹೆಣ್ಣುಗಳನ್ನು ಕೊನೆಗೆ ಹಿಂದೆ ತೆಗೆದುಕೊಂಡರು, ಅವುಗಳ ಸಂತತಿ ಉಳಿಯಿತು. 2010ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಪ್ಯಾಂಥರ್‌ಗಳ ಸಂಖ್ಯೆ ಮೂರು ಪಟ್ಟು, ತಳಿವೈವಿಧ್ಯ ಎರಡು ಪಟ್ಟು ಆಗಿತ್ತು. ದೋಷಗಳೂ ಇಳಿದವು.

ಎರಡರ ನಡುವಿನ ವ್ಯತ್ಯಾಸವನ್ನು ಮೂರು ಪ್ರಶ್ನೆಗಳಿಂದ ಹಿಡಿಯಬಹುದು. ವರ್ಣತಂತುಗಳ ರಚನೆ ಒಂದೇ ಆಗಿದೆಯೇ? ಕಳೆದ 500 ವರ್ಷಗಳೊಳಗೆ ಎರಡು ಸಮೂಹಗಳ ನಡುವೆ ಓಡಾಟವಿತ್ತೇ? ವಾಸಿಸುವ ಪರಿಸರ ಹೋಲುತ್ತದೆಯೇ? ಮೂರಕ್ಕೂ ಹೌದು ಎಂದಾದರೆ ಬೆರಕೆಯಿಂದ ಕೇಡಾಗುವ ಭಯ ತೀರ ಕಡಿಮೆ. ಫ್ಲಾರಿಡಾ ಮತ್ತು ಟೆಕ್ಸಾಸ್‌ನ ಪ್ಯೂಮಾಗಳು ಬೇರೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಟಾಟ್ರಾದಲ್ಲಿ ಬೆರೆಸಿದ್ದು ಬೇರೆ ಪ್ರಭೇದಗಳನ್ನೇ, ಅದೂ ಬೇರೆ ಹವೆಯವನ್ನು. ವರ್ಣತಂತು ಪರೀಕ್ಷೆಯನ್ನು ಬಿಟ್ಟುಬಿಡುವವರೇ ಹೆಚ್ಚು. ಡಿಕ್‌ಡಿಕ್ ಎಂಬ ಪುಟ್ಟ ಜಿಂಕೆಗಳು ಮೃಗಾಲಯಗಳಲ್ಲಿ ನೋಡಲು ಒಂದೇ ಥರ ಇದ್ದು, ವರ್ಣತಂತುಗಳು ಭಿನ್ನವಾಗಿದ್ದರಿಂದ ಬೆರಕೆ ಮರಿಗಳು ಬಂಜೆಯಾದವು.

ನನ್ನ ಒಲವು ಮುಚ್ಚಿಡುವುದಿಲ್ಲ. ಬೆರಕೆಯ ಭಯದಿಂದ ಕೈಕಟ್ಟಿ ಕೂತು ಒಳತಳೀಕರಣದಲ್ಲಿ (ರಕ್ತಸಂಬಂಧಿಗಳೇ ಪರಸ್ಪರ ಕೂಡುವುದರಲ್ಲಿ) ಸಮೂಹಗಳನ್ನು ಕಳೆದುಕೊಳ್ಳುವುದು ಟಾಟ್ರಾದಂಥ ಅನಾಹುತಕ್ಕಿಂತ ಹೆಚ್ಚು ಸಲ ನಡೆಯುತ್ತದೆ. ಮೂರು ಪ್ರಶ್ನೆಗೆ ಉತ್ತರ ಸರಿ ಬಂದರೆ ಎರಡು ಮೂರು ಮೂಲಗಳಿಂದ ತನ್ನಿ. ತರುವಾಗ ಆ ಮೂಲ ನೆಲೆಗಳಿಗೆ ಪೆಟ್ಟಾಗುವುದಿಲ್ಲವೇ ಎಂದೂ ಲೆಕ್ಕ ಹಾಕಿ. ವೋರ್ಟೆಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಎರಡೂ ಕಡೆಯ ಭವಿಷ್ಯವನ್ನು ಓಡಿಸಿ ನೋಡಬಹುದು.

ಎಷ್ಟು, ಯಾವುವು

ಈಗ ಲೆಕ್ಕಕ್ಕೆ ಬರೋಣ. ಸಂತಾನದಲ್ಲಿ ನಿಜವಾಗಿ ಪಾಲುಗೊಳ್ಳುವ ಪ್ರಾಣಿಗಳನ್ನು ಆಧರಿಸಿದ ಸಂಖ್ಯೆಯನ್ನು ಪರಿಣಾಮಿ ಸಂಖ್ಯೆ ಎನ್ನುತ್ತೇವೆ. ಗಂಡು ಹೆಣ್ಣುಗಳ ಗುಣಲಬ್ಧವನ್ನು ನಾಲ್ಕರಿಂದ ಗುಣಿಸಿ, ಅವುಗಳ ಮೊತ್ತದಿಂದ ಭಾಗಿಸಿ. ಐದು ಗಂಡು, ಐದು ಹೆಣ್ಣು ಇದ್ದರೆ ಉತ್ತರ 10. ಒಂದು ಗಂಡು, ಒಂಬತ್ತು ಹೆಣ್ಣು ಇದ್ದರೆ 3.6. ಎರಡು ಕಡೆಯೂ ಹತ್ತೇ ಪ್ರಾಣಿಗಳು, ಲಾರಿಯ ಬಾಡಿಗೆಯೂ ಒಂದೇ, ಆದರೆ ಪೂರ್ವಜರ ಸಂಪತ್ತು ಮೂರನೆಯ ಒಂದು ಭಾಗಕ್ಕೆ ಇಳಿದಿದೆ. ಒಂದೇ ಗಂಡು ಹಲವು ಹೆಣ್ಣುಗಳ ಮೇಲೆ ಹಿಡಿತ ಸಾಧಿಸುವ ಪ್ರಭೇದವಾದರೆ ಗಂಡುಗಳನ್ನು ಬೇರೆ ಬೇರೆ ಕಣಿವೆಗಳಲ್ಲಿ, ಬೇರೆ ಬೇರೆ ವರ್ಷಗಳಲ್ಲಿ ಬಿಡಿ.

ಈ ಸಂಖ್ಯೆ ಚಿಕ್ಕದಾದರೆ ಪ್ರತಿ ತಲೆಮಾರಿನಲ್ಲೂ ವೈವಿಧ್ಯ ಸೋರುತ್ತದೆ. ಸೋರುವ ಪಾಲು, ಪರಿಣಾಮಿ ಸಂಖ್ಯೆಯ ಇಮ್ಮಡಿಯಿಂದ ಒಂದನ್ನು ಭಾಗಿಸಿದಷ್ಟು. ಸಂಖ್ಯೆ 10ರಲ್ಲೇ ನಿಂತರೆ ತಲೆಮಾರಿಗೆ ಶೇ 5. ಹತ್ತು ತಲೆಮಾರಿಗೆ ಉಳಿಯುವುದು ಸುಮಾರು ಶೇ 60. ಸಂಖ್ಯೆ 50 ಆಗಿದ್ದರೆ ಅಷ್ಟೇ ಕಾಲಕ್ಕೆ ಶೇ 90 ಉಳಿಯುತ್ತದೆ.

ಇಪ್ಪತ್ತು ಪ್ರಾಣಿ ಸಾಕೆಂದು ಅನೇಕರು ಹೇಳುತ್ತಾರೆ, ಏಕೆಂದರೆ ಸಂಬಂಧವಿಲ್ಲದ ಇಪ್ಪತ್ತು ಪ್ರಾಣಿಗಳಲ್ಲಿ ಮೂಲದ ವೈವಿಧ್ಯದ ಶೇ 97.5 ಇರುತ್ತದೆ. ಆ ಅಂಕಿ ಸರಿ. ಆದರೆ ಅದು ಸಾಮಾನ್ಯ ಜೀನ್‌ರೂಪಗಳ, ಅಂದರೆ ಒಂದೇ ಜೀನ್‌ನ ಬೇರೆ ಬೇರೆ ರೂಪಗಳಲ್ಲಿ ಹೆಚ್ಚಾಗಿ ಕಾಣುವಂಥವುಗಳ ಕತೆ. ನೂರಕ್ಕೆ ಐದರಷ್ಟು ಪ್ರತಿಗಳಲ್ಲಿ ಮಾತ್ರ ಇರುವ ರೂಪವೊಂದು ಈ ಇಪ್ಪತ್ತರಲ್ಲಿ ಒಂದಾದರೂ ಪ್ರಾಣಿಯಲ್ಲಿ ಸಿಗುವ ಸಾಧ್ಯತೆ ಶೇ 87. ಮೂವತ್ತು ತಂದರೆ ಶೇ 95. ನೂರಕ್ಕೆ ಒಂದರಷ್ಟೇ ಇರುವ ರೂಪವಾದರೆ ಇಪ್ಪತ್ತರಲ್ಲಿ ಸಿಗುವ ಸಾಧ್ಯತೆ ಬರೀ ಶೇ 33. ಮುಂದೊಂದು ರೋಗ ಬಂದಾಗ ಕಾಯುವ ಜೀನ್ ಆ ವಿರಳ ರೂಪವೇ ಆಗಿರಬಹುದು. ಹಾಗಾಗಿ ನಾನು ಮೂವತ್ತಕ್ಕೆ ಹಟ ಹಿಡಿಯುತ್ತೇನೆ, ಒಂದೇ ಸಲ ಆಗದಿದ್ದರೆ ಕಂತುಗಳಲ್ಲಿ.

ಸಂಬಂಧವಿಲ್ಲದ ಎಂಬ ಮಾತನ್ನು ಮತ್ತೊಮ್ಮೆ ಗಮನಿಸಿ. ನಾಲ್ಕು ತಾಯಂದಿರ ಇಪ್ಪತ್ತು ಮರಿಗಳು ಇಪ್ಪತ್ತು ಪೂರ್ವಜರಾಗುವುದಿಲ್ಲ. ಹಿಡಿದ ಕೂಡಲೇ ರಕ್ತಸಂಬಂಧದ ಪಟ್ಟಿ ತಯಾರಿಸಿ, ಅಣ್ಣತಮ್ಮ ಅಕ್ಕತಂಗಿಯರ ಪೈಕಿ ಒಂದೆರಡನ್ನು ಇಟ್ಟುಕೊಂಡು ಉಳಿದವನ್ನು ಹಿಡಿದಲ್ಲೇ ಬಿಡಿ.

ದೂರದ ಗುರಿಯ ಬಗ್ಗೆ: ಪರಿಣಾಮಿ ಸಂಖ್ಯೆ 500 ದಾಟಿರಬೇಕು ಎಂಬುದನ್ನು 2022ರ ಕುನ್ಮಿಂಗ್-ಮಾಂಟ್ರಿಯಲ್ ಜೀವವೈವಿಧ್ಯ ಒಪ್ಪಂದ ಸೂಚ್ಯಂಕವಾಗಿ ಸೇರಿಸಿಕೊಂಡಿದೆ. ಕಾಡಿನಲ್ಲಿ ಪರಿಣಾಮಿ ಸಂಖ್ಯೆ ಸಾಮಾನ್ಯವಾಗಿ ತಲೆಎಣಿಕೆಯ ಹತ್ತನೆಯ ಒಂದು ಪಾಲಿನ ಆಸುಪಾಸು. ಅಂದರೆ ಸುಮಾರು 5000 ವಯಸ್ಕ ಪ್ರಾಣಿಗಳು. ಒಂದೇ ಕಾಡಿನಲ್ಲಿ ಅಷ್ಟು ಹಿಡಿಸದಿದ್ದರೆ ಹಲವು ಕಾಡುಗಳನ್ನು ಸಂಪರ್ಕದಲ್ಲಿ ಇಟ್ಟು ಸಾಧಿಸಬೇಕಾಗುತ್ತದೆ.

ಸಾಕಣೆ ಕೇಂದ್ರದಿಂದ ಬಿಡುವವರಿಗೆ ಎರಡು ಮಾತು. ಯಾವ ಪ್ರಾಣಿಗೆ ಉಳಿದವುಗಳೊಂದಿಗೆ ಸರಾಸರಿ ರಕ್ತಸಂಬಂಧ ಕಡಿಮೆಯೋ ಅದಕ್ಕೆ ಮೊದಲು ಜೋಡಿ ಕೊಡಿ, ಸುಲಭವಾಗಿ ಮರಿ ಹಾಕುವ ಪ್ರಾಣಿಗೇ ಮತ್ತೆ ಮತ್ತೆ ಜೋಡಿ ಕೊಡುವುದನ್ನು ನಿಲ್ಲಿಸಿ. ಎರಡನೆಯದು, ಬೋನಿನಲ್ಲಿ ತಲೆಮಾರು ಕಳೆಯಬೇಡಿ. ಅಮೆರಿಕದ ಹುಡ್ ನದಿಯ ಸ್ಟೀಲ್‌ಹೆಡ್ ಮೀನುಗಳಲ್ಲಿ ಸಾಕಣೆಯ ಪ್ರತಿ ತಲೆಮಾರಿಗೂ ಹೊಳೆಯಲ್ಲಿ ಸಂತಾನ ಪಡೆಯುವ ಶಕ್ತಿ ಶೇ 40ರಷ್ಟು ಕುಸಿದದ್ದು 2007ರಲ್ಲಿ ವರದಿಯಾಯಿತು. ಕೊಳದಲ್ಲಿ ಹಾಯಾಗಿ ಬೆಳೆಯುವ ಗುಣವೇ ನದಿಯಲ್ಲಿ ಮುಳುವಾಗುತ್ತದೆ.

ಗಿಡಗಳಿಗೂ ಇದೇ ಲೆಕ್ಕ

ನೆಲಕ್ಕೆ ಹಸಿರು ಮರಳಿಸುವವರು ತಳಿವಿಜ್ಞಾನವನ್ನು ಪ್ರಾಣಿಗಳ ವಿಷಯವೆಂದು ಬಿಟ್ಟುಬಿಡುವುದು ನನಗೆ ನೋವಿನ ಸಂಗತಿ. ಅಮೆರಿಕದ ಇಲಿನಾಯ್‌ನಲ್ಲಿ ಉಳಿದಿದ್ದ ಲೇಕ್‌ಸೈಡ್ ಡೈಸಿ ಗಿಡಗಳು ವರ್ಷ ವರ್ಷವೂ ಹೂ ಬಿಟ್ಟು, ಬೀಜ ಕಟ್ಟದೆ ನಿಂತಿದ್ದವು. ತನ್ನದೇ ಬಗೆಯ ಪರಾಗವನ್ನು ಒಪ್ಪದ ಜಾತಿ ಅದು, ಮತ್ತು ಅಲ್ಲಿ ಉಳಿದವೆಲ್ಲ ಒಂದೇ ಬಗೆಯವು. ಒಹಾಯೋದ ಗಿಡಗಳೊಂದಿಗೆ ಸೇರಿಸಿದ ಮೇಲೆ ಬೀಜ ಕಟ್ಟಿತು.

ಬೀಜ ಸಂಗ್ರಹಿಸುವಾಗ ದೂರದೂರದ ಮೂವತ್ತಕ್ಕೆ ಕಡಿಮೆಯಿಲ್ಲದಷ್ಟು ತಾಯಿಗಿಡಗಳಿಂದ, ಸಾಧ್ಯವಾದರೆ ಐವತ್ತರಿಂದ, ಪ್ರತಿಯೊಂದರದ್ದೂ ಬೇರೆ ಚೀಲದಲ್ಲಿ ತನ್ನಿ. ಫಲವತ್ತಾದ ಒಂದೆರಡು ಮರಗಳೇ ಇಡೀ ಚೀಲವನ್ನು ತುಂಬಿಸಿಬಿಡುತ್ತವೆ, ಆದ್ದರಿಂದ ಬೆರೆಸುವುದು ತೂಕ ಮಾಡಿದ ನಂತರ, ಸಮಪಾಲಿನಲ್ಲಿ. ನರ್ಸರಿಯಲ್ಲಿ ಬೇಗ ಮೊಳೆತ ಸಸಿಗಳನ್ನಷ್ಟೇ ಉಳಿಸಿಕೊಂಡು ತಡವಾದವನ್ನು ಕಿತ್ತೆಸೆಯುವ ರೂಢಿ ಇದೆ. ತಡವಾಗಿ ಮೊಳೆಯುವುದು ಮಳೆ ಕೈಕೊಡುವ ವರ್ಷಕ್ಕೆ ಆ ಜಾತಿ ಕಾದಿರಿಸಿಕೊಂಡ ಗುಣ, ಕೀಳಬೇಡಿ. ಹವೆ ಬಿಸಿಯಾಗುತ್ತಿರುವ ಕಡೆ ಹೆಚ್ಚಿನ ಪಾಲು ಹತ್ತಿರದ ಬೀಜವನ್ನೂ, ಸ್ವಲ್ಪ ಪಾಲು ಮುಂದೆ ಬರಲಿರುವಂಥ ಹವೆ ಈಗಾಗಲೇ ಇರುವ ಜಾಗದ ಬೀಜವನ್ನೂ ಬೆರೆಸುವುದು ನನಗೆ ಒಪ್ಪಿತ. ಸಮುದ್ರಹುಲ್ಲಿನಂತೆ ತುಂಡಿನಿಂದ ಬೆಳೆಯುವ ಸಸ್ಯಗಳಲ್ಲಿ ಒಂದೇ ಗಿಡ ಹರಡಿ ಬಯಲಾಗಿರುವ ಸಾಧ್ಯತೆ ಇದೆ, ಕೀಳುವ ಮೊದಲು ಪರೀಕ್ಷಿಸಿ. ಹೆಬ್ಬಾತುಗಳು ಮೇಯ್ದು ಹೋದ ಬಳಿಕ, ಹೆಚ್ಚು ತಳಿಗಳಿದ್ದ ತುಕಡಿಗಳೇ ಬೇಗ ಚೇತರಿಸಿಕೊಂಡದ್ದನ್ನು 2004ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು.

ಬಿಟ್ಟ ನಂತರ

ಮೊದಲ ಕೆಲವು ತಲೆಮಾರುಗಳಲ್ಲಿ ಸಂಖ್ಯೆ ಬೇಗ ಏರಬೇಕು, ಏಕೆಂದರೆ ನಷ್ಟವಾಗುವುದು ಸಂಖ್ಯೆ ಚಿಕ್ಕದಿರುವಾಗ. ಅಮೆರಿಕದ ರಾಷ್ಟ್ರೀಯ ಉದ್ಯಾನವಾದ ಯೆಲ್ಲೊಸ್ಟೋನ್‌ಗೆ 1995 ಮತ್ತು 1996ರಲ್ಲಿ ಕೆನಡಾದ ಎರಡು ಪ್ರಾಂತ್ಯಗಳಿಂದ ತಂದ 31 ತೋಳಗಳು ಬೇಗನೆ ಹೆಚ್ಚಿದವು. ಹತ್ತು ವರ್ಷಗಳ ಮಾದರಿ ನೋಡಿದಾಗ ವೈವಿಧ್ಯ ಹಾಗೆಯೇ ಇತ್ತು, ತೋಳಗಳು ಹತ್ತಿರದ ಸಂಬಂಧಿಗಳೊಂದಿಗೆ ಕೂಡುವುದನ್ನು ತಪ್ಪಿಸುತ್ತಿದ್ದವು.

ಅಮೆರಿಕದ ಸುಪೀರಿಯರ್ ಸರೋವರದಲ್ಲಿರುವ ಐಲ್ ರಾಯಲ್ ದ್ವೀಪದ ತೋಳಗಳ ಕತೆ ಬೇರೆ. ಅಲ್ಲಿಗೆ 1997ರಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆದು ಒಂದು ಹೊಸ ಗಂಡು ಬಂತು. ಹೊಸ ರಕ್ತ ಬಂತೆಂದು ಎಲ್ಲರೂ ಹಿಗ್ಗಬಹುದಾದ ಘಟನೆ. ಆದರೆ ಅದು ಎಷ್ಟು ಬಲಶಾಲಿಯಾಗಿತ್ತೆಂದರೆ ಕೆಲವೇ ತಲೆಮಾರುಗಳಲ್ಲಿ ಇಡೀ ಸಮೂಹದ ವಂಶಾವಳಿಯ ಅರ್ಧಕ್ಕಿಂತ ಹೆಚ್ಚು ಪಾಲು ಅದರದ್ದಾಯಿತು. ಮೊಮ್ಮಕ್ಕಳು ಪರಸ್ಪರ ಕೂಡಿದಾಗ, ಅದು ದೊಡ್ಡ ಸಮೂಹದಿಂದ ಹೊತ್ತು ತಂದಿದ್ದ ಅಪ್ರಬಲ ದೋಷಗಳು (ತಂದೆ ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಕಾಣುವಂಥವು) ಜೋಡಿಯಾಗಿ ಹೊರಬಿದ್ದವು. ಕೊನೆಗೆ ಉಳಿದದ್ದು ಎರಡು ತೋಳ: ಅಪ್ಪ ಮತ್ತು ಮಗಳು, ಅವೆರಡೂ ಒಂದೇ ತಾಯಿಯ ಮಕ್ಕಳು ಕೂಡ. 2018 ಮತ್ತು 2019ರಲ್ಲಿ ಬೇರೆ ಬೇರೆ ಕಡೆಗಳಿಂದ 19 ತೋಳಗಳನ್ನು ತಂದು ಬಿಡಬೇಕಾಯಿತು.

ಇದರಿಂದ ಬರುವ ನಿಯಮ ಇಷ್ಟು: ಮುಚ್ಚಿದ ನೆಲೆಯಾದರೆ ತಲೆಮಾರಿಗೆ ಕನಿಷ್ಠ ಒಂದು, ಸಾಮಾನ್ಯವಾಗಿ ಒಂದರಿಂದ ಹತ್ತರವರೆಗೆ, ಸಂತಾನ ಪಡೆಯುವ ಹೊಸ ಪ್ರಾಣಿಗಳು ಹೊರಗಿನಿಂದ ಬರುತ್ತಿರಬೇಕು. ಬಂದದ್ದು ಮರಿ ಮಾಡಿತೇ ಎಂದು ಪಿತೃತ್ವ ಪರೀಕ್ಷೆಯಿಂದ ಖಚಿತವಾದ ಮೇಲಷ್ಟೇ ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಒಂದೇ ಪ್ರಾಣಿಯ ಪಾಲು ಉಬ್ಬುತ್ತಿದ್ದರೆ ಮುಂದಿನ ಕಂತನ್ನು ಬೇರೆ ಮೂಲದಿಂದ ತನ್ನಿ.

ಇವೆಲ್ಲವನ್ನೂ ಬಿಡುಗಡೆಗೆ ಮೊದಲೇ ಯೋಜನಾ ಕಡತದಲ್ಲಿ ಬರೆದಿಡಿ: ಪ್ರತಿ ತಲೆಮಾರಿನ ಯಾವ ವರ್ಷ ಹಿಕ್ಕೆ ಅಥವಾ ಕೂದಲ ಮಾದರಿ ತೆಗೆಯುವುದು, ಪರಿಣಾಮಿ ಸಂಖ್ಯೆ ಎಷ್ಟಕ್ಕೆ ಇಳಿದರೆ ಹೊಸ ಪ್ರಾಣಿ ತರುವುದು, ಯಾವ ಮೂಲದಿಂದ, ಯಾರ ಸಹಿಯ ಮೇಲೆ, ಯಾವ ಹಣದಿಂದ. ಬಿಡುಗಡೆಯ ದಿನ ಹಾಜರಿದ್ದ ಅಧಿಕಾರಿಗಳು ಆ ವೇಳೆಗೆ ವರ್ಗವಾಗಿ ಹೋಗಿರುತ್ತಾರೆ, ಅವರ ಜಾಗಕ್ಕೆ ಬಂದವರ ಮೇಜಿನ ಮೇಲೆ ಈ ಹಾಳೆ ಇರಬೇಕು.